ತಾಲ್ಲೂಕು ವಿಜ್ಞಾನ ಪ್ರದರ್ಶನ: ಮಕ್ಕಳ ಮಾದರಿಗಳು ಗೆಲ್ಲುವ, ಸೋಲುವ ಬಗೆ

ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ತಮ್ಮ ವಿಜ್ಞಾನ ಮಾದರಿಗಳನ್ನು ಸ್ಪರ್ಧೆಗೆ ಒಯ್ಯಲು ಮುಖ್ಯವಾಗಿ ಮೂರು ದಾರಿಗಳಿವೆ. ಎನ್‌ಸಿಇಆರ್‌ಟಿ ಕೊಡುವ ವಿಷಯಗಳ ಮೇಲೆ ನಡೆಯುವ ವಿಜ್ಞಾನ ವಸ್ತು ಪ್ರದರ್ಶನ ಒಂದು. 1993ರಿಂದ ನಡೆದು ಬಂದಿರುವ ಮಕ್ಕಳ ವಿಜ್ಞಾನ ಸಮಾವೇಶ ಇನ್ನೊಂದು. ಇದು 10ರಿಂದ 17 ವರ್ಷದವರಿಗೆ ಮೀಸಲು. ಕರ್ನಾಟಕದಲ್ಲಿ ಇದನ್ನು ಬೆಳೆಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಮೂರನೆಯದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆ. ಇದರಲ್ಲಿ ಆಯ್ಕೆಯಾದ ವಿಚಾರಕ್ಕೆ 10,000 ರೂಪಾಯಿ ನೇರವಾಗಿ ಮಗುವಿನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆಧಾರ್ ಕಾರ್ಡಿನಲ್ಲೊಂದು ಹೆಸರು, ಪಾಸ್‌ಬುಕ್ಕಿನಲ್ಲೊಂದು ಹೆಸರು ಇದ್ದರೆ ವಿಜ್ಞಾನ ಅಲ್ಲಿಗೇ ನಿಲ್ಲುತ್ತದೆ; ಮುಂದಿನದೆಲ್ಲ ಬ್ಯಾಂಕಿನ ಪಾಳಿ.

ಇಲ್ಲಿ ಹೇಳುತ್ತಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಮೂರೂ ಕಂದಾಯದ ಲೆಕ್ಕದಲ್ಲಿ ಬೆಳಗಾವಿ ಜಿಲ್ಲೆಗೆ ಸೇರಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಜಿಲ್ಲಾ ಮಟ್ಟದ ಸುತ್ತೋಲೆಗಳು ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿಯಿಂದ ಹೊರಡುತ್ತವೆ. ಬೆಳಗಾವಿಯಲ್ಲಿ ವಿಚಾರಿಸುತ್ತ ದಿನ ಕಳೆಯುವ ಪಾಲಕರಿಗೆ ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ವಿಷಯದ ಆಯ್ಕೆಗೆ ಈ ಭಾಗದಲ್ಲಿ ಬರವಿಲ್ಲ. ಗೋಕಾಕ ಜಲಪಾತದ ನೀರಿನಿಂದ 1887ರಲ್ಲೇ ವಿದ್ಯುತ್ ತೆಗೆದ ಊರಿದು. ಹೀಗಾಗಿ ಹಳೆಯ ಚಮಚಗಳನ್ನು ಚಕ್ರಕ್ಕೆ ಕಟ್ಟಿ ಬಲ್ಬು ಉರಿಸುವ ಮಾದರಿ ಪ್ರತಿವರ್ಷ ಒಂದಾದರೂ ಇರುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಊರೊಳಗೆ ಬಂದ ಮೇಲೆ ನೆರೆ ಮುನ್ಸೂಚನೆಯ ಗಂಟೆಗಳ ಮಾದರಿಗಳು ಹೆಚ್ಚಾದವು. ಹುಕ್ಕೇರಿ ತಾಲ್ಲೂಕಿನ ಮಕ್ಕಳಿಗೆ ಹಿಡಕಲ್ ಜಲಾಶಯ ಕಣ್ಣೆದುರೇ ಇದೆ. ಕಬ್ಬಂತೂ ಮೂರೂ ಕಡೆಗಿದೆ. ಆದರೂ ಪ್ರದರ್ಶನದ ದಿನ ಹೆಚ್ಚಿನ ಮೇಜುಗಳ ಮೇಲೆ ಕಾಣುವುದು ಅಡುಗೆ ಸೋಡಾ ಮತ್ತು ವಿನೆಗರ್ ಸುರಿದು ನೊರೆ ಉಕ್ಕಿಸುವ ಥರ್ಮೊಕೋಲ್ ಜ್ವಾಲಾಮುಖಿ. ಘಟಪ್ರಭೆಯ ದಂಡೆಯಲ್ಲಿ ಜ್ವಾಲಾಮುಖಿಯ ಕಾಟ ಇದ್ದದ್ದನ್ನು ಯಾರೂ ಕೇಳಿಲ್ಲ.

ಒಳ್ಳೆಯ ಮಾದರಿ ಹೇಗಿರುತ್ತದೆ ಎಂಬುದಕ್ಕೆ ರವದಿಯ ಪ್ರಯೋಗ ಒಂದು ಉದಾಹರಣೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ಇಲ್ಲಿ ರವದಿ ಎನ್ನುತ್ತಾರೆ. ಬಹಳ ಮಂದಿ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಸುಡದೆ ಸಾಲಿನ ನಡುವೆ ಹೊದಿಸಿದರೆ ಅದು ಮಣ್ಣಿನ ಹಸಿ ಕಾಯುತ್ತದೆಯೇ ಎಂದು ನೋಡಲು ಎಂಟನೆಯ ತರಗತಿಯ ಒಬ್ಬ ಹುಡುಗ ತನ್ನ ಅಪ್ಪನ ಕುಳೆ ಕಬ್ಬಿನಲ್ಲಿ ಎರಡು ಸಾಲು ಬೇಡಿ ಪಡೆದ. ಒಂದರಲ್ಲಿ ರವದಿ ಸುಟ್ಟಿತ್ತು, ಇನ್ನೊಂದರಲ್ಲಿ ಹೊದಿಸಿತ್ತು. ನೀರು ಹಾಯಿಸಿದ ಮೇಲೆ ಆಗಾಗ ಎರಡೂ ಕಡೆಯಿಂದ ನೂರು ಗ್ರಾಂ ಮಣ್ಣು ತೆಗೆದು, ಹೆಂಚಿನ ಮೇಲೆ ಹುರಿದು, ಕಿರಾಣಿ ಅಂಗಡಿಯ ಕಾಟಾದಲ್ಲಿ ಮತ್ತೆ ತೂಗುತ್ತಿದ್ದ. ಹುರಿದಾಗ ಕಡಿಮೆಯಾದ ತೂಕವೇ ಮಣ್ಣಿನಲ್ಲಿದ್ದ ನೀರು. ಹೊದಿಸಿದ ಸಾಲಿನ ಮಣ್ಣು ಪ್ರತಿಸಲವೂ ಹೆಚ್ಚು ತೂಕ ಕಳೆದುಕೊಳ್ಳುತ್ತಿತ್ತು. ವಹಿಯ ಪುಟಗಳಿಗೆ ಕೆಸರಿನ ಬೆರಳಚ್ಚು ಅಂಟಿತ್ತು. ಮಳೆ ಬಂದ ದಿನದ ಮುಂದೆ ‘ಇವತ್ತಿಂದು ಲೆಕ್ಕಕ್ಕಿಲ್ಲ’ ಎಂದು ಹುಡುಗನೇ ಬರೆದಿದ್ದ. ಮಾರ್ಗದರ್ಶಿ ಶಿಕ್ಷಕನಾಗಿದ್ದ ಈ ಲೇಖಕ ಆ ಸಾಲನ್ನು ಬರೆಸಿದವನಲ್ಲ.

ಪ್ರದರ್ಶನದ ಬೆಳಿಗ್ಗೆ ಎರಡೂ ಸಾಲುಗಳ ಮಣ್ಣನ್ನು ಮುಚ್ಚಳದ ಡಬ್ಬಿಗಳಲ್ಲಿ ತರಲಾಗಿತ್ತು. ತೀರ್ಪುಗಾರರು ಬೆರಳಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುವಂತಿತ್ತು. ಹತ್ತು ಗಂಟೆಗೇ ವ್ಯವಸ್ಥಾಪಕರೊಬ್ಬರು ಮೇಜಿನಿಂದ ಮೇಜಿಗೆ ಓಡಾಡಿ, “ಸಾಹೇಬ್ರು ಬಂದ್ರು, ಎಲ್ಲಾ ಮುಚ್ಚಳಾ ತಗದ ಇಡ್ರಿ” ಎಂದರು. ಬೇಡವೆಂದು ಹೇಳಿದ್ದಕ್ಕೆ “ಮುಚ್ಚಿಟ್ಟರ ಏನ ಕಾಣತೈತ್ರಿ?” ಎಂದು ತಾವೇ ತೆಗೆದರು. ಸಾಹೇಬರು ಬರಲಿಲ್ಲ. ಶಾಮಿಯಾನದ ಅಂಚಿನಲ್ಲಿದ್ದ ಆ ಮೇಜಿನ ಮೇಲೆ ಬಿಸಿಲು ಸರಿದು ಬಂತು. ಮುಚ್ಚಳ ಮತ್ತೆ ಹಾಕಿದಾಗಲೆಲ್ಲ ಯಾರೋ ಒಬ್ಬರು ಬಂದು ತೆಗೆಸುತ್ತಿದ್ದರು. ಉದ್ಘಾಟನೆ, ಸನ್ಮಾನ, ಭಾಷಣ ಮುಗಿದು ತೀರ್ಪುಗಾರರು ಬರುವ ಹೊತ್ತಿಗೆ ಬಿಸಿಯೂಟವೂ ಆಗಿ ಹೋಗಿತ್ತು. ಎರಡೂ ಡಬ್ಬಿಗಳ ಮಣ್ಣು ಒಂದೇ ಬಣ್ಣಕ್ಕೆ ತಿರುಗಿ ಬಿರಿದಿತ್ತು.

“ಮಾಡೆಲ್ ಎಲ್ಲೈತಿ ತಮ್ಮಾ?” ಎಂದು ಒಬ್ಬರು ಕೇಳಿದರು. “ಇದ ಮಾಡೆಲ್ ರೀ ಸರ” ಎಂದು ಹುಡುಗ ಡಬ್ಬಿ ಮುಂದೆ ಸರಿಸಿದ. ಅವರು ಎರಡರಲ್ಲೂ ಬೆರಳು ಆಡಿಸಿ, “ಎರಡೂ ಒಂದಽ ಐತಲ್ಲೋ” ಎಂದರು. ಹುಡುಗ ವಹಿ ತೆರೆದು ತೂಕದ ಕೋಷ್ಟಕ ತೋರಿಸಹೋದ; ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಜ್ವಾಲಾಮುಖಿ ಉಕ್ಕಿತು, ಮಕ್ಕಳು ಚಪ್ಪಾಳೆ ಹೊಡೆದರು, ತೀರ್ಪುಗಾರರು ಅತ್ತ ನಡೆದರು. ತೆರೆದ ವಹಿಯನ್ನು ಹಿಡಿದುಕೊಂಡೇ ಹುಡುಗ ಇನ್ನೂ ಒಂದೆರಡು ಸಾಲು ಓದಿದ, ಎದುರಿಗೆ ಯಾರೂ ಇಲ್ಲವೆಂದು ಗೊತ್ತಾಗುವವರೆಗೆ. ಬಹುಮಾನ ಯಾವುದಕ್ಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಅತಿಥಿಗಳ ಹೊತ್ತಿಗೆ ತೀರ್ಪನ್ನು ಕಟ್ಟಿಹಾಕುವ ಈ ಪದ್ಧತಿಗೆ ಯಾವ ಸುತ್ತೋಲೆಯ ಆಧಾರವೂ ಬೇಕಿಲ್ಲ, ರೂಢಿಯೇ ಸಾಕು. ಮೊದಲು ತೀರ್ಪು, ಆಮೇಲೆ ಉದ್ಘಾಟನೆ ಎಂದು ಅದಲುಬದಲು ಮಾಡಿದರೆ ಯಾರಿಗೂ ಒಂದು ರೂಪಾಯಿಯ ಖರ್ಚಿಲ್ಲ.

ಅದು ಆಗುವವರೆಗೆ ಮಾರ್ಗದರ್ಶಿ ಶಿಕ್ಷಕರು ಮಾಡಬಹುದಾದದ್ದು ಸ್ವಲ್ಪವೇ. ಒಣಗುವ, ಬಾಡುವ, ಕರಗುವ ವಸ್ತುವನ್ನು ಎರಡು ಪಾಲು ತಂದು ಒಂದನ್ನು ಮೇಜಿನ ಕೆಳಗೆ ಮುಚ್ಚಿಡಬೇಕು. ಹೊಲದಲ್ಲಿ ತೆಗೆದ ಫೋಟೊಗಳನ್ನು ಚಾರ್ಟಿಗೆ ಅಂಟಿಸಿ, ಕಂಡುಕೊಂಡದ್ದನ್ನು ದೂರದಿಂದಲೂ ಓದಲು ಬರುವಂತೆ ಒಂದೇ ವಾಕ್ಯದಲ್ಲಿ ಬರೆಯಬೇಕು. ಮಗು ತನ್ನ ಮಾತನ್ನು ಒಂದು ನಿಮಿಷದಲ್ಲಿ, ಮನೆಯ ಭಾಷೆಯಲ್ಲೇ ಹೇಳಲು ಕಲಿತಿರಬೇಕು; ಬಾಯಿಪಾಠದ ಇಂಗ್ಲಿಷ್ ಮೊದಲ ಪ್ರಶ್ನೆಗೇ ಕೈಕೊಡುತ್ತದೆ. ವಿದ್ಯುತ್ತಿನ ಮಾದರಿಯಾದರೆ ಬ್ಯಾಟರಿ ಜೊತೆಗಿರಲಿ. ತಾಲ್ಲೂಕಿನಲ್ಲಿ ಸೋತ ಪ್ರಯೋಗವನ್ನು ಕೈಬಿಡಬೇಕಾಗಿಲ್ಲ: ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಕೇಳುವುದೇ ಸ್ಥಳೀಯ ಸಮಸ್ಯೆ ಮತ್ತು ದಿನಾಂಕ ಹಾಕಿ ಬರೆದಿಟ್ಟ ದಾಖಲೆ ವಹಿ. ಆ ವರ್ಷದ ವಿಷಯಕ್ಕೆ ಹೊಂದಿದರೆ ಅದನ್ನೇ ಅಲ್ಲಿಗೆ ಒಯ್ಯಬಹುದು.