ಗಣಕಶೋಧನೆಯಲ್ಲಿ ‘ಇಲ್ಲ’ ಎಂಬ ಉತ್ತರ: ಪಠ್ಯಸಂಪಾದನ ತಂತ್ರಾಂಶದಿಂದ ಗ್ರೆಪ್ ಬಳಕೆ
(ಸಿರಿಗೇರಿ ಎಂಬ ಸ್ಥಳನಾಮವನ್ನು ಅನುಲಕ್ಷಿಸಿ)

ಪೀಠಿಕೆ

ಸ್ಥಳನಾಮಗಳ ಅಧ್ಯಯನದಲ್ಲಿ ಒಂದು ಹೆಸರು ಶಾಸನಗಳಲ್ಲಿ ದೊರೆಯುತ್ತದೆಯೇ ಎಂಬುದು ಮೊದಲ ಪ್ರಶ್ನೆ. ದೊರೆತರೆ ಅದರ ರೂಪ, ಕಾಲ, ಸಂದರ್ಭಗಳ ವಿವೇಚನೆ ಸಾಧ್ಯವಾಗುತ್ತದೆ. ದೊರೆಯದಿದ್ದರೆ ಆ ಅಭಾವವೇ ಒಂದು ಪ್ರಮಾಣವೆಂಬಂತೆ ಪ್ರಬಂಧಗಳಲ್ಲಿ ಸೇರಿಹೋಗುತ್ತದೆ. ಗಣಕವು ‘ಇಲ್ಲ’ ಎಂದು ಹೇಳಿದಾಗ ಅದು ಆಕರದ ಉತ್ತರವೋ ಅಥವಾ ಸಾಧನದ ಸೋಲೋ ಎಂಬುದನ್ನು ವಿಂಗಡಿಸುವ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ಸಿರಿಗೇರಿ ಎಂಬ ಊರಿನ ಹೆಸರನ್ನು ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ. ಉಲ್ಲೇಖಗಳ ಪಟ್ಟಿಯನ್ನು ಕೊಡುವುದು ಇಲ್ಲಿಯ ಉದ್ದೇಶವಲ್ಲ, ಅವುಗಳನ್ನು ಹುಡುಕುವ ಕ್ರಮವನ್ನು ನಿರೂಪಿಸುವುದಷ್ಟೇ ಉದ್ದೇಶ.

ಆಕರಗಳ ಸ್ವರೂಪ

ಬಳ್ಳಾರಿ ಜಿಲ್ಲೆ ಹಿಂದೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅದರ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿದುದು 1953ರ ಅಕ್ಟೋಬರ್ 1ರಂದು. ಆದ್ದರಿಂದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನವನ್ನು ಕೇಂದ್ರವಾಗಿರಿಸಿಕೊಂಡು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಈ ಸೀಮೆಗೆ ಸ್ಥಾನವಿರಲಿಲ್ಲ. 1939 ಮತ್ತು 1941ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟವನ್ನೂ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1998ರಲ್ಲಿ ಪ್ರಕಟಿಸಿದ ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟವನ್ನೂ ಸಂಶೋಧಕರು ಆಶ್ರಯಿಸಬೇಕಾಗುತ್ತದೆ. ಇಂತಹ ಸಂಪುಟಗಳ ಪಾಠವನ್ನು ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಒಂದೊಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಕೊಂಡಾಗ ಕಡತಗಳ ಸಂಖ್ಯೆ ನೂರಾರಾಗುತ್ತದೆ, ಅವುಗಳ ಸಂಕೇತೀಕರಣವೂ ಒಂದೇ ಬಗೆಯಾಗಿ ಉಳಿಯುವುದಿಲ್ಲ.

ಸಾಧನ ಮತ್ತು ಅದರ ಯೋಜನೆ

ಅನೇಕ ಕಡತಗಳಲ್ಲಿ ಏಕಕಾಲಕ್ಕೆ ಹುಡುಕಲು ಬಳಕೆಯಲ್ಲಿರುವ ಗ್ರೆಪ್ ಆಜ್ಞಾಸಾಲಿನ ಸಾಧನ. ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಅವರು ರೂಪಿಸಿದ ಇದು 1973ರಲ್ಲಿ ಯೂನಿಕ್ಸ್ ವ್ಯವಸ್ಥೆಯ ಭಾಗವಾಯಿತು. ‘ಎಡ್’ ಎಂಬ ಪಠ್ಯಸಂಪಾದನ ತಂತ್ರಾಂಶದಲ್ಲಿ, ಕಡತದಾದ್ಯಂತ ಒಂದು ವಿನ್ಯಾಸವನ್ನು ಹುಡುಕಿ ಆ ಸಾಲುಗಳನ್ನು ಮುದ್ರಿಸುವ ಆಜ್ಞೆಯ ಸಂಕ್ಷೇಪವೇ ಇದರ ಹೆಸರಿಗೆ ಮೂಲ. ಸಂಪಾದನ ತಂತ್ರಾಂಶದಿಂದ ಹೊರಬಂದ ಸಾಧನವನ್ನು ಇಂದಿನ ಚಿತ್ರಾತ್ಮಕ ತಂತ್ರಾಂಶಗಳು ಮತ್ತೆ ಒಳಗಿನಿಂದಲೇ ಚಾಲನೆಗೊಳಿಸುತ್ತವೆ. ಜೀನಿ ತಂತ್ರಾಂಶದಲ್ಲಿ ‘ಕಡತಗಳಲ್ಲಿ ಹುಡುಕು’ ಎಂಬ ಆಯ್ಕೆ ಗ್ರೆಪ್ ಅನ್ನೇ ಕರೆಯುತ್ತದೆ. ಈಮ್ಯಾಕ್ಸ್‌ನಲ್ಲಿ ಇದಕ್ಕೆಂದೇ ಆಜ್ಞೆಯಿದೆ. ಜಿಎಡಿಟ್‌ನಲ್ಲಿ ಹೊರಸಾಧನಗಳ ಜೋಡಣೆಯ ಮೂಲಕ, ಆಯ್ದ ಪದವನ್ನು ಗ್ರೆಪ್‌ಗೆ ಒಪ್ಪಿಸಬಹುದು.

ಈ ಯೋಜನೆಯಿಂದಾಗುವ ಲಾಭ ವೇಗವೊಂದೇ ಅಲ್ಲ. ‘ಎನ್’ ಆಯ್ಕೆಯಿಂದ ಸಾಲಿನ ಸಂಖ್ಯೆಯೂ ‘ಆರ್’ ಆಯ್ಕೆಯಿಂದ ಒಳಕೋಶಗಳ ಶೋಧನೆಯೂ ದೊರೆಯುತ್ತವೆ. ಜೀನಿ, ಈಮ್ಯಾಕ್ಸ್‌ಗಳಲ್ಲಿ ಫಲಿತಾಂಶದ ಸಾಲನ್ನು ಒತ್ತಿದೊಡನೆ ಮೂಲ ಕಡತದ ಅದೇ ಸಾಲು ತೆರೆದುಕೊಳ್ಳುತ್ತದೆ. ಪದವನ್ನು ಅದರ ಸಂದರ್ಭದೊಡನೆ ಓದದೆ ಪ್ರಯೋಗವನ್ನು ಎಣಿಸುವ ದೋಷ ಇದರಿಂದ ತಪ್ಪುತ್ತದೆ.

ರೂಪಭೇದಗಳ ಸಮಸ್ಯೆ

ರೂಪದ ದೃಷ್ಟಿಯಿಂದ ‘ಸಿರಿಗೇರಿ’ಯನ್ನು ಸಿರಿ, ಕೇರಿ ಎಂದು ಬಿಡಿಸಬಹುದು, ಸಂಧಿಯಲ್ಲಿ ಕಕಾರ ಗಕಾರವಾಗಿದೆ. ‘ಸಿರಿಗೆರೆ’ಯ ಉತ್ತರಪದ ಕೆರೆ. ಹಳೆಯ ಕನ್ನಡ ಲಿಪಿಯಲ್ಲಿ ಎಕಾರ ಏಕಾರಗಳ ಹ್ರಸ್ವದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲವಾದ್ದರಿಂದ, ಅಚ್ಚಿನ ಪಾಠದಲ್ಲಿ ಕಾಣುವ ದೀರ್ಘ ಅನೇಕ ವೇಳೆ ಸಂಪಾದಕರ ನಿರ್ಣಯವಾಗಿರುತ್ತದೆ. ಹೀಗಾಗಿ ಒಂದೇ ರೂಪವನ್ನು ಹುಡುಕಿದರೆ ಸಾಲದು. ‘ಸಿರಿಗೇರಿ|ಸಿರಿಗೆರಿ|ಸಿರಿಗೇರೆ|ಸಿರಿಗೆರೆ’ ಎಂದು ವಿಕಲ್ಪಗಳನ್ನು ಪೂರ್ಣಪದಗಳಾಗಿಯೇ ಕೊಟ್ಟು ‘ಇ’ ಆಯ್ಕೆಯನ್ನು (ದೊಡ್ಡಕ್ಷರದಲ್ಲಿ) ಬಳಸುವುದು ಯುಕ್ತ. ಆಗ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ಉಲ್ಲೇಖಗಳೂ ಸೇರಿಬರಬಹುದು. ಅವನ್ನು ಬೇರ್ಪಡಿಸುವ ಕೆಲಸ ಸಂಶೋಧಕರದೇ. ‘ಸಿರಿಗೇರಿಯ’, ‘ಸಿರಿಗೇರಿಯಲು’ ಮುಂತಾದ ವಿಭಕ್ತಿರೂಪಗಳು ತಪ್ಪಿಹೋಗುವುದರಿಂದ ಪೂರ್ಣಪದ ಶೋಧನೆಯ ಆಯ್ಕೆ ಇಲ್ಲಿ ಸಲ್ಲದು.

ಸಾಧನ ಸೋಲುವ ನೆಲೆಗಳು

ಮೊದಲನೆಯದು ಸಂಕೇತೀಕರಣ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಾಠ ತೆರೆಯ ಮೇಲೆ ಕನ್ನಡವಾಗಿ ಕಂಡರೂ ಕಡತದೊಳಗೆ ರೋಮನ್ ಅಕ್ಷರ ಹಾಗೂ ಚಿಹ್ನೆಗಳಾಗಿರುತ್ತದೆ. ಯೂನಿಕೋಡ್ ಪದವನ್ನು ಅಲ್ಲಿ ಹುಡುಕುವುದು ವ್ಯರ್ಥ. ಯೂನಿಕೋಡ್‌ನಲ್ಲೇ ಇದ್ದರೂ ಯುಟಿಎಫ್-16 ಬಗೆಯಲ್ಲಿ ಉಳಿಸಿದ ಕಡತದಲ್ಲಿ ಯುಟಿಎಫ್-8ರ ಪದ ಸಿಗುವುದಿಲ್ಲ.

ಎರಡನೆಯದು ಒಂದೇ ಅಕ್ಷರದ ಎರಡು ಬರೆಹ. ‘ಗೇ’ ಎಂಬಲ್ಲಿಯ ಏತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಲು ಯೂನಿಕೋಡ್‌ನಲ್ಲಿ ಅವಕಾಶವಿದೆ. ಓದುವ ಕಣ್ಣಿಗೆ ಭೇದವಿಲ್ಲ. ಗ್ರೆಪ್‌ಗೆ ಇವು ಬೇರೆ ಬೇರೆ. ಕಾಣದ ಜೋಡಕ ಸಂಕೇತಗಳಿಂದಲೂ ಇಂತಹುದೇ ತೊಡಕು. ಕಡತಗಳನ್ನು ಮೊದಲು ಏಕರೂಪಗೊಳಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಮೂರನೆಯದು ಚಾಲನೆಯ ಪರಿಸರ. ಚಿತ್ರಾತ್ಮಕ ತಂತ್ರಾಂಶವನ್ನು ತೆರೆಯ ಮೇಲಿನ ಚಿಹ್ನೆಯಿಂದ ತೆರೆದಾಗ, ಆಜ್ಞಾಸಾಲಿನಲ್ಲಿ ನಿಗದಿಪಡಿಸಿದ ಭಾಷಾವ್ಯವಸ್ಥೆ ಅದಕ್ಕೆ ದೊರೆಯದೆ ಹೋಗಬಹುದು. ಆಗ ಗ್ರೆಪ್ ಕನ್ನಡದ ಒಂದು ಸಂಕೇತವನ್ನು ಮೂರು ಬೈಟ್‌ಗಳಾಗಿ ಕಾಣುತ್ತದೆ; ಚೌಕಾವರಣದಲ್ಲಿ ಕೊಟ್ಟ ಸ್ವರಚಿಹ್ನೆಗಳ ವಿಕಲ್ಪ ಸದ್ದಿಲ್ಲದೆ ವಿಫಲವಾಗುತ್ತದೆ. ಪೂರ್ಣಪದಗಳ ವಿಕಲ್ಪಕ್ಕೆ ಈ ಬಾಧೆಯಿಲ್ಲ. ವಿಂಡೋಸ್‌ನಲ್ಲಿ ಕನ್ನಡದ ಪದ ಸಾಧನವನ್ನು ತಲುಪುವ ಮುನ್ನವೇ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡುವುದೂ ಉಂಟು; ಪದಗಳನ್ನು ಒಂದು ಕಡತದಲ್ಲಿ ಬರೆದು ‘ಎಫ್’ ಆಯ್ಕೆಯಿಂದ ಒದಗಿಸಿದರೆ ಇದನ್ನು ನಿವಾರಿಸಬಹುದು.

ನಾಲ್ಕನೆಯದು ಶಾಸನಪಾಠಕ್ಕೆ ವಿಶಿಷ್ಟವಾದುದು. ಗ್ರೆಪ್ ಸಾಲುಸಾಲಾಗಿ ಓದುತ್ತದೆ. ಶಾಸನದ ಕಲ್ಲಿನಲ್ಲಿ ಪದಗಳು ಸಾಲಿನ ಕೊನೆಯಲ್ಲಿ ಒಡೆಯುತ್ತವೆ, ಸಂಪುಟಗಳೂ ಆ ಸಾಲುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. 7ನೆಯ ಸಾಲಿನ ಕೊನೆಗೆ ‘ಸಿರಿ’, 8ನೆಯ ಸಾಲಿನ ಆದಿಗೆ ‘ಗೇರಿ’ ಇದ್ದರೆ ಗಣಕದ ಪಾಲಿಗೆ ಆ ಊರೇ ಇಲ್ಲ. ಸಾಲುಗಳನ್ನು ಕೂಡಿಸಿ, ಸಾಲಿನ ಸಂಖ್ಯೆಗಳನ್ನು ತೆಗೆದ ಇನ್ನೊಂದು ಪ್ರತಿಯನ್ನು ಶೋಧನೆಗಾಗಿಯೇ ಸಿದ್ಧಪಡಿಸಿಕೊಳ್ಳುವುದು ಅನಿವಾರ್ಯ.

ಪರೀಕ್ಷೆ

ಶೋಧನೆಗೆ ಮೊದಲು, ಹುಡುಕಬೇಕಾದ ಎಲ್ಲ ರೂಪಗಳನ್ನೂ ಬರೆದ ಒಂದು ಸಾಕ್ಷಿಕಡತವನ್ನು ಅದೇ ಕೋಶದಲ್ಲಿ ಇರಿಸಬೇಕು. ಆ ಕಡತವೇ ಫಲಿತಾಂಶದಲ್ಲಿ ಬಾರದಿದ್ದರೆ ದೋಷ ಚಾಲನೆಯಲ್ಲಿದೆ ಎಂದರ್ಥ. ಆದರೆ ಉಳಿದ ಕಡತಗಳ ಸಂಕೇತೀಕರಣಕ್ಕೆ ಇದು ಸಾಕ್ಷಿಯಲ್ಲ. ಶಾಸನಗಳಲ್ಲಿ ಸಾಮಾನ್ಯವಾದ ‘ಸ್ವಸ್ತಿ’ಯಂತಹ ಪದವನ್ನು ಹುಡುಕಿ, ಒಂದೂ ಪ್ರಯೋಗ ದೊರೆಯದ ಕಡತಗಳನ್ನು ಪ್ರತ್ಯೇಕವಾಗಿ ತೆರೆದುನೋಡಬೇಕು. ಗ್ರೆಪ್ ತನ್ನ ಮುಕ್ತಾಯ ಸಂಕೇತದಲ್ಲಿ ದೊರೆತುದಕ್ಕೆ 0, ದೊರೆಯದುದಕ್ಕೆ 1, ದೋಷಕ್ಕೆ 2 ಎಂಬ ಭೇದವನ್ನು ಇರಿಸುತ್ತದೆ. ಬರಿದಾದ ಫಲಿತಾಂಶದ ಕಿಟಕಿಯನ್ನು ಮಾತ್ರ ನೋಡುವವರಿಗೆ 1 ಮತ್ತು 2 ಒಂದೇ ಆಗಿ ಕಾಣಬಹುದು.

ಸಮಾರೋಪ

ಗ್ರಂಥಸಂಪಾದನೆಯಲ್ಲಿ ಯಾವ ಪ್ರತಿಗಳನ್ನು ನೋಡಲಾಯಿತೆಂದು ಹೇಳದೆ ಪಾಠವನ್ನು ನಿರ್ಣಯಿಸುವುದಿಲ್ಲ. ಗಣಕಶೋಧನೆಗೂ ಅದೇ ಶಿಸ್ತು ಸಲ್ಲಬೇಕು. ‘ಸಿರಿಗೇರಿಯ ಉಲ್ಲೇಖವಿಲ್ಲ’ ಎಂದು ಬರೆಯುವ ಪ್ರಬಂಧವು ಯಾವ ಕಡತಗಳಲ್ಲಿ, ಯಾವ ರೂಪಗಳನ್ನು, ಯಾವ ಆಯ್ಕೆಗಳಿಂದ ಹುಡುಕಲಾಯಿತು ಎಂಬುದನ್ನೂ ಬರೆಯಬೇಕು. ಆ ವಿವರವಿಲ್ಲದ ‘ಇಲ್ಲ’ವನ್ನು ಮುಂದಿನ ಸಂಶೋಧಕರು ಪರೀಕ್ಷಿಸಲಾರರು; ಪರೀಕ್ಷಿಸಲಾಗದುದು ಪ್ರಮಾಣವಾಗಲಾರದು.