ಬದುಕೆಂಬ ಅಮಾನತು: ಕಾವಲು ಎಲ್ಲರ ಹೊಣೆ

ಜೀವವು ಅಲ್ಲಾಹನು ಮನುಷ್ಯನ ವಶಕ್ಕೆ ಕೊಟ್ಟಿರುವ ಅಮಾನತು. ಕೊಟ್ಟವನೇ ಅದನ್ನು ಹಿಂದಕ್ಕೆ ಪಡೆಯಬೇಕೇ ಹೊರತು ಇಟ್ಟುಕೊಂಡವನಿಗೆ ಅದನ್ನು ನಾಶಪಡಿಸುವ ಹಕ್ಕಿಲ್ಲ. ಆತ್ಮಹತ್ಯೆ ಹರಾಮ್ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ಈ ಪಾಠದ ಉಳಿದರ್ಧವನ್ನು ನಮ್ಮಲ್ಲಿ ಎಷ್ಟು ಮಂದಿ ಕಲಿತಿದ್ದೇವೆ? ಅನ್ನಿಸಾ ಅಧ್ಯಾಯದ 29ನೇ ಸೂಕ್ತವು ತನ್ನನ್ನು ತಾನೇ ಕೊಂದುಕೊಳ್ಳುವುದನ್ನು ತಡೆಯುತ್ತದೆ. ಅದರ ಕೊನೆಯಲ್ಲೇ ಅಲ್ಲಾಹನ ಕರುಣೆಯನ್ನು ನೆನಪಿಸುತ್ತದೆ. ಶಿಕ್ಷೆಯ ಎಚ್ಚರಿಕೆ ಬರುವುದು ಆ ನಂತರ. ನಾವೋ, ನೊಂದವನ ಮುಂದೆ ಎಚ್ಚರಿಕೆಯನ್ನಷ್ಟೇ ಓದಿ ಹೇಳಿ ಕರುಣೆಯನ್ನು ಮರೆತುಬಿಡುತ್ತೇವೆ.

ದುಃಖವು ವಿಶ್ವಾಸದ ಕೊರತೆಯೇ?

"ಈಮಾನ್ ಗಟ್ಟಿಯಿದ್ದರೆ ಹೀಗೇಕೆ ಆಗುತ್ತಿತ್ತು?" ಮನೋವ್ಯಥೆಯಿಂದ ಬಳಲುವವರ ಮುಂದೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತಿದು. ಕುರ್‌ಆನಿನ ಪುಟಗಳನ್ನು ತಿರುವಿ ನೋಡಿ. ಮಗನ ಅಗಲಿಕೆಯಲ್ಲಿ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳು ಬೆಳ್ಳಗಾದವು. ಅವರ ಸಹನೆಯನ್ನು ಅಲ್ಲಾಹನು ಪ್ರಶಂಸಿಸಿದನೇ ಹೊರತು ಅವರ ಕಣ್ಣೀರನ್ನು ಆಕ್ಷೇಪಿಸಲಿಲ್ಲ. ಹೆರಿಗೆಯ ನೋವಿನಲ್ಲಿ, ಜನರ ನಿಂದೆಯ ಭಯದಲ್ಲಿ ಒಂಟಿಯಾಗಿದ್ದ ಮರ್ಯಮ್(ಅ)ರು ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದರು. ಆಗ ಅವರಿಗೆ ಸಿಕ್ಕಿದ್ದೇನು? ದುಃಖಿಸಬೇಡವೆಂಬ ಸಾಂತ್ವನ, ಪಾದದ ಬಳಿಯಲ್ಲೇ ನೀರು, ಕೈಗೆಟಕುವ ಖರ್ಜೂರ. ಉಪದೇಶಕ್ಕೆ ಮುಂಚೆ ಆಹಾರ, ನೀರು ಮತ್ತು ಸಮಾಧಾನದ ಮಾತು! ಬಾಣಂತಿ ಸೊಸೆಯೊಬ್ಬಳು ಕಾರಣವಿಲ್ಲದೆ ಅಳುತ್ತಾ ಕುಳಿತಾಗ "ಜಿನ್ನ್ ಹಿಡಿದಿದೆ" ಎನ್ನುವವರು ಈ ಘಟನೆಯ ಬಗ್ಗೆ ಆಲೋಚಿಸಲಿ. ಹೆರಿಗೆಯ ನಂತರದ ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಮದ್ದಿದೆ.

ಪ್ರತಿಯೊಂದು ಕಾಯಿಲೆಗೂ ಅಲ್ಲಾಹನು ಮದ್ದನ್ನು ಇಟ್ಟಿದ್ದಾನೆ, ಚಿಕಿತ್ಸೆ ಪಡೆಯಬೇಕು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮನಸ್ಸಿನ ಕಾಯಿಲೆ ಇದರಿಂದ ಹೊರತಲ್ಲ. ಹತ್ತನೇ ಶತಮಾನದಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರು ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯದ ಬಗ್ಗೆಯೂ ಗ್ರಂಥ ಬರೆದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ತಿಳಿಯದ ದುಃಖ ಬೇರೆ ಎಂದು ಅವರು ಅಂದೇ ವಿಂಗಡಿಸಿದ್ದರು. ಆದ್ದರಿಂದ ದುಆ ಮಾಡೋಣ, ವೈದ್ಯರಲ್ಲಿಗೂ ಕರೆದೊಯ್ಯೋಣ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ನಮ್ಮ ದೇಶದ ಸ್ಥಿತಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಅಂದರೆ ದಿನವೊಂದಕ್ಕೆ 460ಕ್ಕಿಂತಲೂ ಹೆಚ್ಚು. ದಾಖಲಾದ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆಗಳದ್ದೇ ಮೊದಲ ಸ್ಥಾನ: ಶೇ. 31.7. ಎರಡನೆಯದು ಕಾಯಿಲೆ: ಶೇ. 18.4. ಇದರಲ್ಲಿ ನಮಗೊಂದು ಪಾಠವಿದೆ. ನೆಮ್ಮದಿ ಸಿಗಬೇಕಾದ ಮನೆಯೇ ಹಲವರಿಗೆ ಉಸಿರುಗಟ್ಟಿಸುವ ಜಾಗವಾಗಿದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮನೋರೋಗಿಗಳಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ವೈದ್ಯರ ಕೊರತೆ ಒಂದು ಕಾರಣ. "ಜನ ಏನೆಂದಾರು, ಮಗಳ ನಿಕಾಹ್ ನಿಂತು ಹೋದೀತು" ಎಂಬ ಭಯ ಮತ್ತೊಂದು.

ಕಾನೂನು ಬದಲಾಗಿದೆ

ಹಿಂದೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗೆ ಭಾರತೀಯ ದಂಡಸಂಹಿತೆಯ 309ನೇ ಕಲಮಿನಂತೆ ಒಂದು ವರ್ಷದವರೆಗೆ ಸಜೆಯಾಗಬಹುದಿತ್ತು. ಪೊಲೀಸ್ ಕೇಸಿಗೆ ಹೆದರಿ ಎಷ್ಟೋ ಕುಟುಂಬಗಳು ವಿಷಯವನ್ನು ಮುಚ್ಚಿಡುತ್ತಿದ್ದವು. 2017ರಲ್ಲಿ ಅಂಗೀಕಾರವಾಗಿ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಒದಗಿಸುವುದು ಸರಕಾರದ ಕರ್ತವ್ಯ ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಆದ್ದರಿಂದ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ.

ನೆರವೂ ಹತ್ತಿರ ಬಂದಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ದೊರೆಯುವಂತೆ ಮಾಡಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆಯನ್ನು ತೆರೆಯಿತು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ಮನೆಯವರು ಮಾಡಬೇಕಾದುದು

ಮೊದಲನೆಯದಾಗಿ, ಸೂಚನೆಗಳನ್ನು ಗಮನಿಸಿ. ನಿದ್ದೆ, ಊಟ ಬಿಡುವುದು. ಎಲ್ಲರಿಂದ ದೂರ ಸರಿಯುವುದು. "ನಾನು ನಿಮಗೆಲ್ಲ ಹೊರೆ" ಎನ್ನುವುದು. ತನಗಿಷ್ಟವಾದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು. ಇದ್ದಕ್ಕಿದ್ದಂತೆ ಎಲ್ಲರಲ್ಲೂ ಮಾಫಿ ಕೇಳುವುದು. ಇವನ್ನು ತಮಾಷೆ, ನಾಟಕ ಎಂದು ತಳ್ಳಿಹಾಕಬೇಡಿ.

ಎರಡನೆಯದಾಗಿ, ನೇರವಾಗಿ ಕೇಳಿ. "ಮಗಾ, ಬದುಕೇ ಬೇಡವೆಂದು ಅನಿಸುತ್ತಿದೆಯಾ?" ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುವುದಿಲ್ಲ. ತನ್ನ ನೋವು ಒಬ್ಬರಿಗಾದರೂ ಕಂಡಿತಲ್ಲ ಎಂದು ಮನಸ್ಸು ಹಗುರಾಗುತ್ತದೆ. ಆಮೇಲೆ ಮಾತು ನಿಲ್ಲಿಸಿ ಆಲಿಸಿ. ಬೈಗುಳ, ಹೋಲಿಕೆ, ಫತ್ವಾ ಆ ಹೊತ್ತಿಗೆ ಬೇಡ.

ಮೂರನೆಯದಾಗಿ, ಒಂಟಿಯಾಗಿ ಬಿಡಬೇಡಿ. ಸಾಯಬೇಕೆಂಬ ತೀವ್ರ ತುಡಿತ ಹೆಚ್ಚಾಗಿ ಬಂದು ಹೋಗುವಂಥದ್ದು. ಆ ಹೊತ್ತು ದಾಟಿದರೆ ಜೀವ ಉಳಿಯಬಹುದು. ತೋಟದ ಮನೆಗಳಲ್ಲಿ ಕೀಟನಾಶಕಕ್ಕೆ ಬೀಗ ಹಾಕಿಡಿ. ಮಾತ್ರೆಗಳು ಹಿರಿಯರ ವಶದಲ್ಲಿರಲಿ. ಅಪಾಯ ಕಂಡರೆ ಕೂಡಲೇ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಚಿಕಿತ್ಸೆ ಶುರುವಾದ ಮೇಲೆ ವೈದ್ಯರನ್ನು ಕೇಳದೆ ಮದ್ದು ನಿಲ್ಲಿಸಬೇಡಿ.

ನಾಲ್ಕನೆಯದಾಗಿ, ಹೊರೆಯನ್ನು ಇಳಿಸಿ. ಸಾಲಗಾರನಿಗೆ ಗಡುವು ಕೊಡಿ. ಪರೀಕ್ಷೆಯಲ್ಲಿ ಫೇಲಾದ ಮಗುವಿಗೆ, ಅಂಕಪಟ್ಟಿಗಿಂತ ನೀನೇ ನಮಗೆ ದೊಡ್ಡವನೆಂದು ಹೇಳಿ. ಗಂಡನ ಮನೆಯ ಹಿಂಸೆ ತಾಳಲಾರದೆ ಬಂದ ಮಗಳನ್ನು "ಹೊಂದಿಕೊಂಡು ಹೋಗು" ಎಂದು ಮರಳಿ ಅದೇ ಬಾಗಿಲಿಗೆ ಬಿಡಬೇಡಿ.

ಕಳಕೊಂಡವರ ಮನೆಯ ಬಾಗಿಲಲ್ಲಿ

ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಘಟನೆಯಿದೆ. ತುಫೈಲ್ ಬಿನ್ ಅಮ್ರ್(ರ)ರ ಜೊತೆ ಮದೀನಕ್ಕೆ ಹಿಜ್ರತ್ ಬಂದ ಒಬ್ಬ ವ್ಯಕ್ತಿ ಕಾಯಿಲೆ ಬಿದ್ದ. ನೋವು ತಾಳಲಾರದೆ ತನ್ನ ಕೈಗಳಿಗೆ ತಾನೇ ಹಾನಿ ಮಾಡಿಕೊಂಡು ತೀರಿಕೊಂಡ. ಆತ ಕ್ಷಮಿಸಲ್ಪಟ್ಟಿರುವುದನ್ನೂ, ಕೈಗಳು ಮಾತ್ರ ಮುಚ್ಚಿಕೊಂಡಿರುವುದನ್ನೂ ತುಫೈಲ್(ರ) ಕನಸಿನಲ್ಲಿ ಕಂಡು ಪ್ರವಾದಿ(ಸ)ಯವರಿಗೆ ತಿಳಿಸಿದರು. ಆಗ ಪ್ರವಾದಿ(ಸ)ಯವರು ಆ ಕೈಗಳಿಗೂ ಕ್ಷಮೆ ನೀಡೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು.

ಪ್ರವಾದಿ(ಸ)ಯವರೇ ಕ್ಷಮೆ ಬೇಡಿದ ಕಡೆ ನಾವು ನರಕದ ತೀರ್ಪು ಕೊಡುವುದು ಸಲ್ಲದು. ಇಂಥ ಮಯ್ಯಿತ್‌ನ ಜನಾಝ ನಮಾಝನ್ನು ಸಮುದಾಯ ನೆರವೇರಿಸಬೇಕೆಂಬುದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆ ಮನೆಗೆ ಹೋಗಿ. ಊಟ ಒಯ್ಯಿರಿ. "ಏಕೆ, ಹೇಗೆ" ಎಂದು ಕೆದಕಬೇಡಿ. ಅಲ್ಲಿ ಉಳಿದಿರುವ ತಾಯಿಗೆ, ಹೆಂಡತಿಗೆ, ಮಕ್ಕಳಿಗೆ ನಿಮ್ಮ ಆಸರೆ ಎಲ್ಲರಿಗಿಂತ ಹೆಚ್ಚು ಬೇಕಾಗಿದೆ.

ಈ ಸಾಲುಗಳನ್ನು ಓದುತ್ತಿರುವ ನೀವೇ ಆ ಕತ್ತಲಲ್ಲಿದ್ದರೆ, ಸಹೋದರಾ, ಸಹೋದರೀ, ಇಂದೇ ಒಬ್ಬರಿಗೆ ಹೇಳಿಬಿಡಿ. ಅಮ್ಮನಿಗೆ, ಗೆಳೆಯನಿಗೆ, ಉಸ್ತಾದರಿಗೆ ಅಥವಾ 14416ರಲ್ಲಿ ಕರೆ ಸ್ವೀಕರಿಸುವವರಿಗೆ. ನೆರವು ಕೇಳುವುದರಿಂದ ವಿಶ್ವಾಸ ಕುಂದುವುದಿಲ್ಲ. ಅಮಾನತನ್ನು ಕಾಪಾಡಿಕೊಳ್ಳುವ ದಾರಿಯೇ ಅದು. ಅಲ್ಲಾಹನು ನೊಂದ ಮನಸ್ಸುಗಳಿಗೆ ಶಮನ ನೀಡಲಿ, ನಮ್ಮನ್ನು ಅವರ ಪಾಲಿನ ಆಸರೆಯನ್ನಾಗಿ ಮಾಡಲಿ. ಆಮೀನ್.