ಹೊಲದ ವಹಿಯನ್ನು ಆರ್ಗ್ ಫೈಲಿಗೆ ಏರಿಸಿ ಕಲಿತದ್ದು

ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ನಮ್ಮದು ಕಬ್ಬಿನ ಒಕ್ಕಲುತನ. ನಾಟಿ, ಗೊಬ್ಬರ, ಕಟಾವಿನ ಗ್ಯಾಂಗಿನ ಮುಂಗಡ, ಕಾರ್ಖಾನೆಯ ತೂಕದ ಚೀಟಿ, ಎಲ್ಲವನ್ನೂ ಆರ್ಗ್ ಮೋಡ್‌ನಲ್ಲಿ ಬರೆದಿಡುತ್ತೇನೆ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಈಮ್ಯಾಕ್ಸ್ ತಂತ್ರಾಂಶಕ್ಕಾಗಿ ಶುರುಮಾಡಿದ ಸಾಧನ ಇದು. ಮೊಬೈಲಿನಲ್ಲಿ ಅದೇ ಫೈಲನ್ನು ಆರ್ಗ್‌ಜ್ಲಿ ಆ್ಯಪ್ ತೆರೆಯುತ್ತದೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಕಲಿಸಿ ಎಂದು ಊರಿನ ಹುಡುಗರು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

1. ತಲೆಬರಹ ಹೊಲದ ಹೆಸರಾಗಿರಲಿ, ತಾರೀಖು ಬೇಡ. ಡೈರಿ ಬರೆದು ರೂಢಿಯಾದವರು ದಿನಕ್ಕೊಂದು ತಲೆಬರಹ ಹಾಕುತ್ತಾರೆ. ಆದರೆ ಮುಂದಿನ ವರ್ಷ ಮನೆಯಲ್ಲಿ ಏಳುವ ಪ್ರಶ್ನೆ "ಹಳ್ಳದ ಹೊಲದ ಕೂಳೆಗೆ ಯೂರಿಯಾ ಎಷ್ಟು ಹಾಕಿದ್ದೆವು?" ಎಂಬುದೇ. "ಜೂನ್ 12ಕ್ಕೆ ಏನು ಮಾಡಿದೆವು?" ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ನನ್ನ ಫೈಲು ಹೀಗಿದೆ:

* ಹಳ್ಳದ ಹೊಲ
** ಕೂಳೆ 2024
*** ಗೊಬ್ಬರ
- 2024-06-12 ಯೂರಿಯಾ 2 ಚೀಲ
*** ತೂಕದ ಚೀಟಿ

ಒಂದು ನಕ್ಷತ್ರಕ್ಕೆ ಹೊಲ, ಎರಡಕ್ಕೆ ಬೆಳೆ, ಮೂರಕ್ಕೆ ಕೆಲಸ. ನಾಲ್ಕನೆಯ ಹಂತ ಬೇಕೆನಿಸಿದರೆ ಅದನ್ನು ಕೆಳಗೆ ಸಾಲಾಗಿ ಬರೆದರೆ ಸಾಕು. ಟ್ಯಾಬ್ ಒತ್ತಿದರೆ ಒಳಗಿನದು ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ.

2. ನಕ್ಷತ್ರ ಸಾಲಿನ ಆರಂಭದಲ್ಲೇ ಬರಬೇಕು, ಅದರ ಮುಂದೆ ಒಂದು ಜಾಗ ಬಿಡಬೇಕು. ಪದದ ಎರಡೂ ಬದಿಗೆ ಅಂಟಿಸಿದರೆ ಅದು ದಪ್ಪಕ್ಷರ.

3. ಒಂದು ಹೆಸರಿಗೆ ಒಂದೇ ಕಾಗುಣಿತ. ಕೊಕಟನೂರ, ಕೊಕಟ್ನೂರ, ಕೋಕಟನೂರ ಎಂದು ಬರೆದರೆ ಓದುವವರಿಗೆ ಊರು ಒಂದೇ, ಹುಡುಕುವ ಕಂಪ್ಯೂಟರಿಗೆ ಮೂರು. ಊರು, ಹೊಲಗಳ ಹೆಸರಿನ ಪಟ್ಟಿಯನ್ನು ಫೈಲಿನ ತಲೆಯಲ್ಲೇ ಇಟ್ಟುಕೊಳ್ಳಿ. ಹುಡುಕುವಾಗ ವಿಭಕ್ತಿ ಬಿಡಿ: "ಗೊಬ್ಬರ" ಎಂದರೆ "ಗೊಬ್ಬರಕ್ಕೆ" ಕೂಡ ಸಿಗುತ್ತದೆ.

4. ಕೋಷ್ಟಕದಲ್ಲಿ ಅಂಕಿಯಷ್ಟೇ ಇರಲಿ. ಕನ್ನಡದ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲವಾದ್ದರಿಂದ ಕಂಬಸಾಲುಗಳು ಅತ್ತಿತ್ತ ಸರಿಯುತ್ತವೆ. ಆರ್ಗ್ ಟನ್ನುಗಳನ್ನು ಕೂಡಿ ಕೊಡುತ್ತದೆ, ಆದರೆ 0ಯಿಂದ 9ರವರೆಗಿನ ಅಂಕಿಗಳಲ್ಲಿ ಬರೆದರೆ ಮಾತ್ರ. ತಾರೀಖನ್ನು ವರ್ಷ, ತಿಂಗಳು, ದಿನದ ಕ್ರಮದಲ್ಲೇ ಬರೆಯಿರಿ, ಆಗ ವಿಂಗಡಿಸಿದರೆ ಸಾಲುಗಳು ದಿನದ ಕ್ರಮಕ್ಕೆ ಬರುತ್ತವೆ.

5. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಸಾದಾ ಪಠ್ಯದಲ್ಲಿ ಫಾಂಟು ಉಳಿಯುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಉಳಿಯುತ್ತವೆ.

6. ಬರಬೇಕಾದ ಹಣಕ್ಕೆ ಗಡುವು ಹಚ್ಚಿ. ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ. ಮಾಡಬೇಕಾದ, ಮಾಡಿ ಮುಗಿಸಿದ ಕೆಲಸಗಳಿಗೆ ಆರ್ಗ್‌ನಲ್ಲಿ ಬರುವ ಇಂಗ್ಲಿಷ್ ಗುರುತುಗಳ ಬದಲು "ಬಾಕಿ", "ಮುಗಿಯಿತು" ಎಂದು ನಾವೇ ಗೊತ್ತುಮಾಡಬಹುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಡಿಸೆಂಬರ್ 5ರ ಚೀಟಿಯಾದರೆ ಅದರ ಕೆಳಗೆ "ಬಾಕಿ" ಎಂದು ಬರೆದು 19ನೇ ತಾರೀಖಿನ ಗಡುವು ಹಾಕುತ್ತೇನೆ. ಆ ದಿನ ಆರ್ಗ್‌ಜ್ಲಿ ಮೊಬೈಲಿನಲ್ಲಿ ನೆನಪಿಸುತ್ತದೆ.

ಈ ಹಂಗಾಮಿನ ಮೊದಲ ಲೋಡು ತೂಕಕ್ಕೆ ಹೋದ ದಿನವೇ ಒಂದು ಹೊಲದ ಚೀಟಿಯನ್ನಾದರೂ ಹೀಗೆ ಬರೆದಿಡಿ. ಬಡ್ಡಿ ಕೇಳಲು ಹೋಗುವಾಗ ತಾರೀಖು ನಿಮ್ಮ ಕೈಯಲ್ಲಿರಬೇಕು.